ನೂರ ಅರವತ್ತು ಅಕ್ಷರಗಳಲ್ಲಿ ಕನ್ನಡದ ಪಾಲೆಷ್ಟು?

ಹಳ್ಳಿಗೆ ತಂತಿ ಬಂತೆಂದರೆ ಒಂದು ಕಾಲಕ್ಕೆ ಮನೆಮಂದಿಯ ಎದೆ ನಡುಗುತ್ತಿತ್ತು. ಒಳಗಿರುತ್ತಿದ್ದುದು ಮೂರೋ ನಾಲ್ಕೋ ಇಂಗ್ಲಿಷ್ ಪದ. ಅದನ್ನು ಓದಿಸಿಕೊಳ್ಳಲು ಶಾಲೆಯ ಮೇಷ್ಟರನ್ನೋ ಶಾನುಭೋಗರನ್ನೋ ಹುಡುಕಿಕೊಂಡು ಹೋಗಬೇಕು. ಅವರು ಓದಿ ಹೇಳುವವರೆಗೆ ಸತ್ತವರಾರು, ಹೆತ್ತವರಾರು ಎಂಬುದು ತಿಳಿಯದು. ಪದಕ್ಕಿಷ್ಟು ಎಂದು ದರವಿದ್ದುದರಿಂದ ಮದುವೆ, ಹಬ್ಬದ ಶುಭಾಶಯಗಳಿಗೆ ತಂತಿ ಇಲಾಖೆ ಸಿದ್ಧವಾಕ್ಯಗಳ ಪಟ್ಟಿಯನ್ನೇ ಮಾಡಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು. ಸಂಖ್ಯೆ ಹೇಳಿದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ಮೂಡುತ್ತಿತ್ತು. 1949ರಲ್ಲಿ ದೇವನಾಗರಿ ಲಿಪಿಯಲ್ಲಿ ತಂತಿ ಕಳಿಸುವ ಏರ್ಪಾಡು ಶುರುವಾದರೂ ನಮ್ಮ ಕಡೆ ತಂತಿಯ ಭಾಷೆ ಬಹುಮಟ್ಟಿಗೆ ಇಂಗ್ಲಿಷಾಗಿಯೇ ಉಳಿಯಿತು. 2013ರ ಜುಲೈನಲ್ಲಿ ಭಾರತ ಸಂಚಾರ ನಿಗಮ ಈ ಸೇವೆಯನ್ನು ನಿಲ್ಲಿಸಿತು. ಅಷ್ಟು ಹೊತ್ತಿಗಾಗಲೇ ತಂತಿಯ ಕೆಲಸವನ್ನು ಮೊಬೈಲಿನ ಕಿರುಸಂದೇಶ, ಅಂದರೆ ಎಸ್ಸೆಮ್ಮೆಸ್, ವಹಿಸಿಕೊಂಡು ಹಲವು ವರ್ಷಗಳಾಗಿದ್ದವು. ಕೆಲಸದ ಜೊತೆಗೆ ಓದಿಸಿಕೊಳ್ಳುವ ಹಳೆಯ ತೊಡಕೂ ವರ್ಗವಾಗಿ ಬಂತು.

ಎಸ್ಸೆಮ್ಮೆಸ್ಸಿನ ಅಳತೆ ನಿಗದಿಯಾದ ಕಥೆ ಸ್ವಾರಸ್ಯವಾಗಿದೆ. ಯೂರೋಪಿನ ದೇಶಗಳು ಕೂಡಿ ಜಿಎಸ್‌ಎಂ ಎಂಬ ಸಮಾನ ಮೊಬೈಲ್ ವ್ಯವಸ್ಥೆಯನ್ನು ರೂಪಿಸುತ್ತಿದ್ದ ಕಾಲ. 1985ರಲ್ಲಿ ಪಶ್ಚಿಮ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ತಜ್ಞರು ಬೆರಳಚ್ಚು ಯಂತ್ರದ ಮುಂದೆ ಕುಳಿತು, ತೋಚಿದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಹೊಡೆದು, ಅಕ್ಷರ, ಚಿಹ್ನೆ, ಖಾಲಿ ಜಾಗ ಎಲ್ಲವನ್ನೂ ಎಣಿಸಿದರು. ಹೆಚ್ಚುಕಡಿಮೆ ಎಲ್ಲವೂ 160ರೊಳಗೆ ಮುಗಿದವು. ಅಂಚೆ ಕಾರ್ಡಿನಲ್ಲಿ ಜನ ಬರೆಯುವುದೂ ಬಹುತೇಕ 150 ಅಕ್ಷರದೊಳಗೇ ಎಂಬುದು ಅವರಿಗೆ ಇನ್ನೊಂದು ಆಧಾರವಾಯಿತು. ಫೋನು ಎಲ್ಲಿದೆ, ಕರೆ ಬರುತ್ತಿದೆಯೇ ಎಂಬಂಥ ಒಳಸಂಕೇತಗಳಿಗಾಗಿ ಮೊಬೈಲ್ ಜಾಲದಲ್ಲಿ ಒಂದು ಪ್ರತ್ಯೇಕ ದಾರಿ ಇರುತ್ತದೆ. ಅದು ಸದಾ ತುಂಬಿರುವುದಿಲ್ಲ. ಹೇಗೂ ಹೋಗುವ ಊರ ಬಸ್ಸಿನ ಡ್ರೈವರ್ ಕೈಲಿ ಪುಟ್ಟ ಪೊಟ್ಟಣ ಕೊಟ್ಟು ಕಳಿಸಿದ ಹಾಗೆ, ಆ ದಾರಿಯಲ್ಲೇ ಈ ಸಂದೇಶವನ್ನೂ ಕಳಿಸುವುದು ಉಪಾಯ. ಪೊಟ್ಟಣ ಚಿಕ್ಕದಿರಬೇಕು, ಅಷ್ಟೆ.

1992ರ ಡಿಸೆಂಬರ್ 3ರಂದು ಇಂಗ್ಲೆಂಡಿನ ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ಕಂಪ್ಯೂಟರಿನಿಂದ ವೋಡಾಫೋನ್ ಕಂಪನಿಯ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಅದೇ ಮೊದಲ ಎಸ್ಸೆಮ್ಮೆಸ್. ಜನ ಪರಸ್ಪರ ಹರಟೆಗೆ ಇದನ್ನು ಬಳಸುತ್ತಾರೆಂದು ಕಂಪನಿಗಳು ಅಷ್ಟಾಗಿ ನಿರೀಕ್ಷಿಸಿರಲಿಲ್ಲ. ‘ನಿಮಗೊಂದು ಧ್ವನಿ ಸಂದೇಶ ಬಂದಿದೆ’ ಎಂದು ಗಿರಾಕಿಗೆ ತಿಳಿಸುವುದು ಅವರ ಮೊದಲ ಲೆಕ್ಕವಾಗಿತ್ತು.

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರ ಜುಲೈ 31ರಂದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖರಾಂ ಅವರಿಗೆ ಕರೆ ಮಾಡುವ ಮೂಲಕ. ಆಗ ಮಾತಾಡಿದರೂ ದುಡ್ಡು, ಕರೆ ಎತ್ತಿಕೊಂಡರೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಹೀಗಾಗಿ ಕಾಲೇಜು ಹುಡುಗರಿಗೆ, ಊರು ಬಿಟ್ಟು ದುಡಿಯುತ್ತಿದ್ದವರಿಗೆ ಎಸ್ಸೆಮ್ಮೆಸ್ ವರವಾಗಿ ಕಂಡಿತು. ಕಂಪನಿಗಳೇನೂ ಧರ್ಮಛತ್ರ ನಡೆಸುತ್ತಿರಲಿಲ್ಲ. ತಿಂಗಳೆಲ್ಲ ಅಗ್ಗದ ಪ್ಯಾಕು ಕೊಟ್ಟು, ದೀಪಾವಳಿ, ಹೊಸವರ್ಷದಂಥ ದಿನಗಳಲ್ಲಿ ಮಾತ್ರ ರಿಯಾಯಿತಿ ಇಲ್ಲವೆಂದು ಪೂರ್ತಿ ದರ ವಸೂಲು ಮಾಡುತ್ತಿದ್ದವು.

ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಲು ಕಲಿತರು. ‘ಊಟ ಆಯ್ತಾ’, ‘ಬಸ್ಸು ಸಿಕ್ತಾ’ ಎಂಬಷ್ಟಕ್ಕೆ ತೊಂದರೆಯಿಲ್ಲ. ಆದರೆ ಆ ಲಿಪಿಯಲ್ಲಿ ಹಳ್ಳಿಯೂ ಹಲ್ಲಿಯೂ ಒಂದೇ, ಮನೆಯೂ ಮಣೆಯೂ ಒಂದೇ. ಸಂದರ್ಭ ನೋಡಿ ಊಹಿಸಬೇಕು. ಕನ್ನಡ ಲಿಪಿಯಲ್ಲೇ ಕಳಿಸಿದರೆ ಆ ಕಡೆಯ ಫೋನಿನಲ್ಲಿ ಸಾಲು ಸಾಲು ಚೌಕಗಳು ಮೂಡುವುದೂ ಉಂಟು.

ಲಿಪಿ ಮೂಡಿದರೂ ಇನ್ನೊಂದು ಲೆಕ್ಕ ಕಾದಿತ್ತು, ಈ ಲೇಖನದ ಮುಖ್ಯ ಸಂಗತಿಯೂ ಅದೇ. ಒಂದು ಎಸ್ಸೆಮ್ಮೆಸ್ಸಿನ ಪೊಟ್ಟಣದಲ್ಲಿ ಹಿಡಿಸುವುದು 1120 ಬಿಟ್. ಯೂರೋಪಿನ ಅಕ್ಷರಗಳಿಗೆ ತಲಾ 7 ಬಿಟ್ ಸಾಕು; ಭಾಗಿಸಿದರೆ 160 ಬರುತ್ತದೆ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತಾದರೂ, ಎಸ್ಸೆಮ್ಮೆಸ್ಸಿನಲ್ಲಿ ಆ ಸಂಕೇತಕ್ಕೆ ತಲಾ 16 ಬಿಟ್ ಬೇಕು. ಆಗ ಹಿಡಿಸುವುದು 70 ಮಾತ್ರ. ಆ 70 ಕೂಡ ನಾವು ಎಣಿಸುವ ಅಕ್ಷರಗಳಲ್ಲ. ‘ವಿದ್ಯಾರ್ಥಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರ ಅದರ ವ್ಯಂಜನ, ಒತ್ತು, ಗುಣಿತ ಎಲ್ಲವನ್ನೂ ಬಿಡಿಸಿ 10 ಎಂದು ಎಣಿಸುತ್ತದೆ. ‘ರಾಷ್ಟ್ರ’ 7 ಆಗುತ್ತದೆ. ಸಂದೇಶ ಉದ್ದವಾಗಿ ತುಂಡಾದರೆ, ತುಂಡುಗಳನ್ನು ಜೋಡಿಸುವ ಗುರುತಿಗೂ ಜಾಗ ಬೇಕಾಗಿ ಒಂದೊಂದರಲ್ಲಿ 67 ಉಳಿಯುತ್ತದೆ. ಇಂಗ್ಲಿಷ್ ಸಂದೇಶದ ನಡುವೆ ಒಂದೇ ಒಂದು ಕನ್ನಡ ಅಕ್ಷರ ನುಸುಳಿದರೂ ಇಡೀ ಸಂದೇಶಕ್ಕೆ 16ರ ದರವೇ. 2010ರಲ್ಲಿ ಬಂದ ರೂಪಾಯಿಯ ಹೊಸ ಚಿಹ್ನೆಗೂ ಇದೇ ಗತಿ. ಈ ಲೆಕ್ಕ ಬಲ್ಲವರು ಚಿಹ್ನೆಯ ಗೊಡವೆಗೆ ಹೋಗದೆ ಇಂಗ್ಲಿಷಿನಲ್ಲಿ ‘ಆರ್‌ಎಸ್’ ಎಂದು ಬರೆಯುತ್ತಾರೆ.

ಒಬ್ಬರಿಗೊಬ್ಬರು ಕಳಿಸಿಕೊಳ್ಳುವಾಗ ಇದು ದೊಡ್ಡ ವಿಷಯವೇನಲ್ಲ. ದಿನಕ್ಕೆ ಲಕ್ಷಗಟ್ಟಲೆ ಸಂದೇಶ ಕಳಿಸುವ ಬ್ಯಾಂಕಿಗೆ ಒಂದರ ಜಾಗದಲ್ಲಿ ಎರಡೋ ಮೂರೋ ಎಂದರೆ ಖರ್ಚಿನ ಬಾಬ್ತು. ಅಷ್ಟರಲ್ಲಿ ಎಸ್ಸೆಮ್ಮೆಸ್ ಸ್ನೇಹಿತರ ಕೈಯಿಂದ ವ್ಯವಹಾರಸ್ಥರ ಕೈಗೆ ದಾಟುತ್ತಿತ್ತು. 2004ರಲ್ಲಿ ಟಿವಿಯಲ್ಲಿ ‘ಇಂಡಿಯನ್ ಐಡಲ್’ ಶುರುವಾದಾಗ ದುಬಾರಿ ಸಂದೇಶದ ಮೂಲಕ ವೋಟು ಹಾಕುವ ಹುಚ್ಚು ಹಬ್ಬಿತು. 2007ರಲ್ಲಿ ಪ್ರಶಾಂತ್ ತಮಾಂಗ್ ಗೆಲುವಿಗಾಗಿ ಡಾರ್ಜಿಲಿಂಗಿನ ಜನ ಹಣ ಕೂಡಿಸಿ ಸಂದೇಶ ಕಳಿಸಿದರು. 2012ರಲ್ಲಿ ಇ-ಟಿಕೆಟಿನ ಎಸ್ಸೆಮ್ಮೆಸ್ಸನ್ನೇ ಟಿಕೆಟ್ಟೆಂದು ರೈಲ್ವೆ ಒಪ್ಪಿಕೊಂಡಿತು. ಎಲ್ಲಕ್ಕಿಂತ ಮಹತ್ವದ್ದು ರಿಸರ್ವ್ ಬ್ಯಾಂಕಿನ ಕ್ರಮ. ಆನ್‌ಲೈನಿನಲ್ಲಿ ಕಾರ್ಡು ಬಳಸುವಾಗ ಎರಡನೆಯ ದೃಢೀಕರಣ ಬೇಕೆಂಬ ನಿಯಮ 2009ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕ್ರಮೇಣ ಅದು ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿಯ ರೂಪ ತಾಳಿತು. 2011ರಲ್ಲಿ, ಮೊತ್ತ ಎಷ್ಟೇ ಇರಲಿ, ಕಾರ್ಡಿನ ಪ್ರತಿ ವ್ಯವಹಾರಕ್ಕೂ ಗ್ರಾಹಕನಿಗೆ ಸೂಚನೆ ಕಳಿಸಬೇಕೆಂದು ಆದೇಶವಾಯಿತು.

ದೇಸಿ ಭಾಷೆಯಲ್ಲಿ ಸಂದೇಶ ಮಾರಿದವರು ಇರಲಿಲ್ಲವೆಂದಲ್ಲ. 2007ರಲ್ಲಿ ರಾಯಿಟರ್ಸ್ ಸಂಸ್ಥೆ ಮಹಾರಾಷ್ಟ್ರದ ರೈತರಿಗೆ ಮರಾಠಿಯಲ್ಲೇ ಮಂಡಿಯ ದರ, ಹವಾಮಾನಗಳ ಸಂದೇಶವನ್ನು ಚಂದಾ ಪಡೆದು ಕಳಿಸತೊಡಗಿತು. ಅದರಿಂದ ರೈತರಿಗೆ ಸಿಕ್ಕ ಬೆಲೆಯೇನೂ ಗಣನೀಯವಾಗಿ ಏರಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಫಾಫ್‌ಶಾಂಪ್ ಮತ್ತು ಮಿಂಟೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ದರ ಗೊತ್ತಾದ ಮಾತ್ರಕ್ಕೆ ಮಂಡಿ ಬದಲಿಸಲು ಆಗುತ್ತದೆಯೇ? ಗಾಡಿ ಬಾಡಿಗೆ, ದಲ್ಲಾಳಿಯ ಸಾಲ ಇವೆಲ್ಲ ಇರುತ್ತವಲ್ಲ. ಆದರೂ ತನ್ನ ಲಿಪಿಯ ಸಂದೇಶಕ್ಕೆ ರೈತ ದುಡ್ಡು ಕೊಡಲು ಸಿದ್ಧನಿದ್ದ ಎಂಬುದಂತೂ ತಿಳಿಯಿತು.

ಸಗಟು ಸಂದೇಶದ ಕಾಟ ಹೆಚ್ಚಿದಂತೆ ನಿಯಂತ್ರಣವೂ ಬಂತು. 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಿಮ್ಮಿನಿಂದ ದಿನಕ್ಕೆ 100 ಸಂದೇಶ ಮಾತ್ರ ಎಂದಿತು, ಬೇಗನೆ 200ಕ್ಕೆ ಏರಿಸಿತು. 2012ರ ಆಗಸ್ಟಿನಲ್ಲಿ ಬೆಂಗಳೂರು ಕಂಡದ್ದನ್ನು ಓದುಗರು ಮರೆತಿರಲಾರರು. ಹಲ್ಲೆಯ ವದಂತಿ ಹೊತ್ತ ಸಂದೇಶಗಳಿಂದ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ 15 ದಿನ ಸಗಟು ಸಂದೇಶಗಳನ್ನೇ ನಿಷೇಧಿಸಿತು. ಕೊನೆಗೆ 2018ರ ನಿಯಮಾವಳಿ ಬಂತು. ಅದರಂತೆ ಸಂಸ್ಥೆಗಳು ತಮ್ಮ ಹೆಸರನ್ನೂ ಸಂದೇಶದ ಒಕ್ಕಣೆಯ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. 2021ರ ಮಾರ್ಚ್ 8ರಂದು ಇದನ್ನು ಬಿಗಿಯಾಗಿ ಜಾರಿಗೆ ತಂದಾಗ ಮಾದರಿಗೆ ಹೊಂದದ ಸಂದೇಶಗಳೆಲ್ಲ ತಡೆಯಲ್ಪಟ್ಟು, ಬ್ಯಾಂಕು, ಆನ್‌ಲೈನ್ ಪಾವತಿ, ಕೋವಿಡ್ ಲಸಿಕೆಯ ನೋಂದಣಿ ಎಲ್ಲ ಕಡೆ ಒಟಿಪಿ ಬಾರದೆ ಜನ ಪರದಾಡಿದರು. ಮರುದಿನವೇ ಟ್ರಾಯ್ ನಿಯಮವನ್ನು ಏಳು ದಿನ ತಡೆಹಿಡಿಯಿತು. ಬದುಕಿನ ಎಷ್ಟು ಬಾಗಿಲುಗಳಿಗೆ ಈ ಪುಟ್ಟ ಸಂದೇಶ ಕೀಲಿಕೈಯಾಗಿದೆ ಎಂಬುದು ಆ ಒಂದು ದಿನದಲ್ಲಿ ಗೊತ್ತಾಯಿತು.

ಆ ಸಂದೇಶವನ್ನು ಕನ್ನಡ ಮಾತ್ರ ಬಲ್ಲ ಖಾತೆದಾರ ಹೇಗೆ ಓದಬೇಕು? 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ವಂಚನೆಯ ನಷ್ಟ ಯಾರ ಪಾಲಿಗೆ ಎಂಬ ಬಗ್ಗೆ ಒಂದು ನಿಯಮ ಹೊರಡಿಸಿತು. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದಾಗ, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಅವನೇ ಹೊರಬೇಕು. ಅದೂ ದಾಟಿದರೆ ಆಯಾ ಬ್ಯಾಂಕಿನ ನೀತಿ. ದಿನಗಳ ಎಣಿಕೆ ಶುರುವಾಗುವುದು ಸೂಚನೆ ತಲುಪಿದಾಗಿನಿಂದ, ಅರ್ಥವಾದಾಗಿನಿಂದ ಅಲ್ಲ. ಇನ್ನು ಒಟಿಪಿಯ ಜೊತೆಗೆ ‘ಇದನ್ನು ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಬಾರದವರು ಅದರ ಅರ್ಥ ತಿಳಿಯಲು ಪಕ್ಕದ ಮನೆಯ ಹುಡುಗನಿಗೆ ಫೋನು ತೋರಿಸುತ್ತಾರೆ. ಹಾಗೆ ಗುಟ್ಟು ಬಿಟ್ಟುಕೊಟ್ಟು ಹಣ ಕಳೆದುಕೊಂಡರೆ ಅದು ಗ್ರಾಹಕನ ನಿರ್ಲಕ್ಷ್ಯವೆಂದು ದೂರು ಕೊಡುವವರೆಗಿನ ನಷ್ಟ ಪೂರ್ತಿ ಅವನದೇ.

ಪರಿಹಾರ ಇರಲಿಲ್ಲವೇ? ಇತ್ತು. ಮೊಬೈಲ್ ಮಾನದಂಡಗಳನ್ನು ನಿಗದಿಪಡಿಸುವ ಅಂತಾರಾಷ್ಟ್ರೀಯ ಒಕ್ಕೂಟವು ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ 7 ಬಿಟ್ಟಿನ ಕೋಷ್ಟಕಗಳನ್ನು 2009ರ ಸುಮಾರಿಗೇ ಸೇರಿಸಿತ್ತು. ಅದರ ಪ್ರಕಾರ ಕನ್ನಡದಲ್ಲೂ 150ಕ್ಕಿಂತ ಹೆಚ್ಚು ಸಂಕೇತ ಹಿಡಿಸುತ್ತದೆ. ಕಳಿಸುವ ಕಡೆ, ಪಡೆಯುವ ಫೋನು, ನಡುವಿನ ಕಂಪನಿ ಮೂರೂ ಒಪ್ಪಿದರೆ ಮಾತ್ರ ನಡೆಯುವ ಏರ್ಪಾಡು ಅದು. ವ್ಯಾಪಕವಾಗಿ ಬಳಕೆಗೆ ಬರಲೇ ಇಲ್ಲ. ಭಾರತದಲ್ಲಿ ಮಾರುವ ಎಲ್ಲ ಫೋನುಗಳಲ್ಲೂ ಭಾರತೀಯ ಭಾಷೆಗಳನ್ನು ಓದಲು ಸಾಧ್ಯವಾಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶಿಸಿದ ಮೇಲೆ ಚೌಕಗಳ ಕಾಟವೇನೋ ತಗ್ಗಿತು. ಉಳಿದದ್ದು ಖರ್ಚಿನ ನೆಪ.

ಸ್ನೇಹಿತರ ಹರಟೆ ವಾಟ್ಸ್‌ಆ್ಯಪಿಗೆ ಹೋಗಿ ಬಹಳ ಕಾಲವಾಯಿತು. ಎಸ್ಸೆಮ್ಮೆಸ್ ಪೆಟ್ಟಿಗೆಯಲ್ಲಿ ಈಗ ಬೀಳುವುದು ಬಹುಪಾಲು ಸಂಸ್ಥೆಗಳ ಸಂದೇಶಗಳೇ. ಅದನ್ನೊಮ್ಮೆ ತೆರೆದು ನೋಡಿ. ‘ಇಂದೇ ರೀಚಾರ್ಜ್ ಮಾಡಿ’ ಎಂಬ ಮೊಬೈಲ್ ಕಂಪನಿಯ ಆಮಂತ್ರಣ ಹಲವರ ಫೋನಿನಲ್ಲಿ ಕನ್ನಡದಲ್ಲೇ ಇರುತ್ತದೆ. ಅದರ ಕೆಳಗೆ, ಖಾತೆಯಿಂದ ಹಣ ಕಡಿತವಾಯಿತೆಂದು ಬ್ಯಾಂಕು ಕಳಿಸಿದ್ದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಬ್ಯಾಂಕಿನ ಒಕ್ಕಣೆಯ ಮಾದರಿಯನ್ನು ಕನ್ನಡದಲ್ಲೂ ನೋಂದಾಯಿಸಲು ನಿಯಮದ ಅಡ್ಡಿಯೇನಿಲ್ಲ. ಒಮ್ಮೆ ಬರೆದು ಒಪ್ಪಿಗೆ ಪಡೆದರೆ ಮುಂದೆ ಬದಲಾಗುವುದು ಮೊತ್ತ, ದಿನಾಂಕ, ಖಾತೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ.