ಗದ್ದೆಗೊಂದು ಹೆಪ್ಪು

ಈಚೆಗೆ ಚನ್ನಪಟ್ಟಣದ ಮದುವೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ತಲೆ ಪೂರ್ತಿ ನರೆತಿದ್ದುದರಿಂದ ಮೊದಲು ಗುರುತು ಹತ್ತಲಿಲ್ಲ. ಕಾಲಿಗೆ ನಮಸ್ಕರಿಸಿ, ಊಟದ ಸಾಲಿನಲ್ಲಿ ಪಕ್ಕದಲ್ಲೇ ಕುಳಿತು, ಊರಿನ ಸಮಾಚಾರವನ್ನೆಲ್ಲ ಹೇಳಿದ ಮೇಲೆ ನಗುತ್ತಾ ಒಂದು ಮಾತು ಆಡಿದ: “ಸಾರ್, ನೀವು ಹೇಳಿದ್ರಿ ಅಂತ ನಮ್ಮಪ್ಪ ಗದ್ದೆಗೆ ಹೊಂಗೆ ಸೊಪ್ಪು ತುಳಿಯೋದನ್ನೇ ಬಿಟ್ಟುಬಿಟ್ರು, ನೆನಪಿದೆಯಾ?” ಅವನ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಎಲೆಯ ಮೇಲಿದ್ದ ಒಬ್ಬಟ್ಟು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ ನನಗೆ ಚೆನ್ನಾಗಿಯೇ ನೆನಪಿತ್ತು.

ಅದು 1978ನೆಯ ಇಸವಿ. ಕನಕಪುರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಸಾರಜನಕ ಚಕ್ರದ ಪಾಠ ಮಾಡುತ್ತಿದ್ದೆ. ಅವರೆ ಗಿಡವೊಂದನ್ನು ಕಿತ್ತು ತರಿಸಿ, ಬೇರಿನ ಗಂಟುಗಳನ್ನು ತೋರಿಸಿ, ಅವುಗಳೊಳಗೆ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ ಎಂದು ವಿವರಿಸಿದೆ. ಆಗ ಹಿಂದಿನ ಬೆಂಚಿನಿಂದ ಇವನು ಎದ್ದು ನಿಂತು, “ಭತ್ತದ ಬೇರಿನಲ್ಲಿ ಗಂಟಿಲ್ಲವಲ್ಲ ಸಾರ್, ಅದಕ್ಕೆ ಯಾರು ಉಣಿಸುತ್ತಾರೆ? ನಮ್ಮಪ್ಪ ಸೊಪ್ಪು ತುಳಿಯೋದು ಯಾರಿಗೆ?” ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಇಲ್ಲವೆಂದು ಒಪ್ಪಿಕೊಳ್ಳುವ ಬದಲು, “ಭತ್ತಕ್ಕೆ ಆ ಭಾಗ್ಯವಿಲ್ಲ. ಸೊಪ್ಪು ಹೊರುವ ಶ್ರಮವೇಕೆ? ಒಂದು ಮೂಟೆ ಯೂರಿಯಾ ತರಲು ನಿಮ್ಮಪ್ಪನಿಗೆ ಹೇಳು” ಎಂದುಬಿಟ್ಟೆ. ಮೇಷ್ಟರ ಮಾತಿಗೆ ಹಳ್ಳಿಯಲ್ಲಿ ಬೆಲೆಯಿದ್ದ ಕಾಲವದು. ಆ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆಯುತ್ತಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ನಾನು ಪಾಠ ಮಾಡುವಾಗ ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ, 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಪಡೆದವು. ಹೆಸರು ಏನೇ ಇರಲಿ, ಇದು ಮುಖ್ಯವಾಗಿ ರಾಗಿಯ ಸೀಮೆ. ರಾಗಿಯ ಜೊತೆಗೆ ಅವರೆ, ತೊಗರಿಯ ಅಕ್ಕಡಿ ಸಾಲು. ಭತ್ತ ಬೆಳೆಯುತ್ತಿದ್ದುದು ಕೆರೆಗಳ ಹಿಂದೆ, ಅರ್ಕಾವತಿ, ಕಣ್ವ, ಶಿಂಷಾ ಹೊಳೆಗಳ ಆಸುಪಾಸಿನಲ್ಲಿ. 1946ರಲ್ಲಿ ಕಣ್ವ ಜಲಾಶಯವಾದ ಮೇಲೆ ಚನ್ನಪಟ್ಟಣದ ಕಡೆ ಇನ್ನಷ್ಟು ಗದ್ದೆಗಳಿಗೆ ನೀರು ದೊರೆಯಿತು.

1800ರಲ್ಲಿ ರಾಮಗಿರಿ, ಚನ್ನಪಟ್ಟಣಗಳ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದಲ್ಲಿ ಭತ್ತದ ಬೇಸಾಯವನ್ನು ವಿವರವಾಗಿ ಬರೆದುಕೊಂಡ. ಒಣಬೀಜ ಬಿತ್ತುವುದು, ಮೊಳೆ ಬರಿಸಿ ಚೆಲ್ಲುವುದು, ಪೈರು ಕಿತ್ತು ನಾಟಿ ಹಾಕುವುದು ಎಂಬ ಮೂರು ಕ್ರಮಗಳನ್ನು ಅವನು ಗುರುತಿಸಿದ್ದಾನೆ. ನಾನು ಕಣ್ಣಾರೆ ಕಂಡದ್ದು ನಾಟಿಯ ಕ್ರಮ. ಬೇಸಿಗೆಯಲ್ಲಿ ಕೆರೆಯ ಗೋಡು ಗಾಡಿಗಳಲ್ಲಿ ಬರುತ್ತಿತ್ತು. ಕುರಿಮಂದೆ ನಿಲ್ಲಿಸುತ್ತಿದ್ದರು. ಮಳೆ ಹಿಡಿದು ಕೆರೆ ತುಂಬಿದ ಮೇಲೆ ಹೊಂಗೆ, ತಂಗಡಿ, ಎಕ್ಕ, ಲಕ್ಕಿಯ ಸೊಪ್ಪು ಹೊರೆಹೊರೆಯಾಗಿ ಗದ್ದೆಗೆ ಬಂದು ಬೀಳುತ್ತಿತ್ತು. ಮನೆಮಂದಿಯೆಲ್ಲ ಇಳಿದು ಅದನ್ನು ಕೆಸರಿನೊಳಕ್ಕೆ ತುಳಿಯುತ್ತಿದ್ದರು. ಕೆಲವು ದಿನ ಕೊಳೆಯಲು ಬಿಟ್ಟರೆ ಮೂಗು ಮುಚ್ಚಿಕೊಳ್ಳುವಂತಹ ವಾಸನೆ. ಕೆಸರಿನಲ್ಲಿ ಕಾಲಿಟ್ಟರೆ ಬುಳುಬುಳು ಗುಳ್ಳೆ. ಮಕ್ಕಳಿಗೆ ಆ ಗುಳ್ಳೆಗಳನ್ನು ಒಡೆಯುವುದೇ ಆಟ.

ಆ ಗುಳ್ಳೆಗಳನ್ನು ಹಿಡಿದು ಪರೀಕ್ಷಿಸಿದವರು ನಮ್ಮ ನೆರೆಯಲ್ಲೇ ಇದ್ದರು. ಮದರಾಸು ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಹ್ಯಾರಿಸನ್ ಮತ್ತು ಅವರ ಸಹೋದ್ಯೋಗಿ ಸುಬ್ರಹ್ಮಣ್ಯ ಅಯ್ಯರ್, ನೀರು ನಿಂತ ಭತ್ತದ ಮಣ್ಣಿನ ಅನಿಲಗಳನ್ನು ಕುರಿತು 1913ರಿಂದ ಲೇಖನಗಳನ್ನು ಪ್ರಕಟಿಸಿದರು. ಗದ್ದೆಯ ಕೆಸರು ಸತ್ತ ಮಣ್ಣಲ್ಲ. ಗಾಳಿಯಾಡದ ಆಳದಲ್ಲಿ ಸೊಪ್ಪನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೀಥೇನ್ ಮುಂತಾದ ಅನಿಲಗಳನ್ನು ಹೊರಬಿಡುತ್ತವೆ. ಮಣ್ಣಿನ ಮೇಲ್ಮೈಯಲ್ಲಿ ತೆಳ್ಳನೆಯ ಪೊರೆಯಂತೆ ಹಬ್ಬಿದ ಬ್ಯಾಕ್ಟೀರಿಯಾ ಮತ್ತು ಪಾಚಿಗಳು ಅದೇ ಅನಿಲಗಳನ್ನು ಬಳಸಿಕೊಂಡು ಕೊನೆಗೆ ನೀರಿಗೆ ಆಮ್ಲಜನಕವನ್ನು ಸೇರಿಸುತ್ತವೆ. ಅದು ಭತ್ತದ ಬೇರಿಗೆ ಒದಗುತ್ತದೆ. ಸೊಪ್ಪುಗೊಬ್ಬರದಿಂದ ಈ ಕೆಲಸ ಚುರುಕಾಗುತ್ತದೆ ಎಂದು ಅವರು ವಾದಿಸಿದರು. ಹುಡುಗನ ತಂದೆ ಸೊಪ್ಪು ತುಳಿಯುತ್ತಿದ್ದುದು ಯಾರಿಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ, ಅವನು ಕೇಳುವುದಕ್ಕೆ 65 ವರ್ಷಗಳ ಮೊದಲೇ ಅಚ್ಚಾಗಿತ್ತು.

ಮೈಸೂರು ಸಂಸ್ಥಾನದಲ್ಲಿಯೂ ಈ ವಿದ್ಯೆ ಬಲ್ಲವರಿದ್ದರು. ಹೆಬ್ಬಾಳದಲ್ಲಿ 1899ರಲ್ಲಿ ಪ್ರಾಯೋಗಿಕ ಕೃಷಿಕ್ಷೇತ್ರ ಆರಂಭವಾಯಿತು. 1908ರಲ್ಲಿ ಇಲ್ಲಿಗೆ ಬಂದು ಮುಂದೆ ಕೃಷಿ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಅಡಿಕೆಯ ಕೊಳೆರೋಗಕ್ಕೆ ಮದ್ದು ಕಂಡುಕೊಟ್ಟವರೆಂದು ಬಲ್ಲೆವು. ಆದರೆ ಅವರು ಜರ್ಮನಿಯಲ್ಲಿ ಓದಿದಾಗ ಅಧ್ಯಯನ ಮಾಡಿದ್ದು, ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಪರಿವರ್ತಿಸುವ ಕ್ರಿಯೆಯನ್ನು. ಕೊಳೆರೋಗವನ್ನು ಹೇಳಿಕೊಡುತ್ತಿದ್ದ ನಾನು ಇದನ್ನು ತಿಳಿದದ್ದು ನಿವೃತ್ತನಾದ ಮೇಲೆ.

ಇನ್ನರ್ಧ ಉತ್ತರ 1939ರಲ್ಲಿ ಬಂತು. ಭತ್ತದ ಗದ್ದೆಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುವುದು ಮುಖ್ಯವಾಗಿ ನೀಲಿ-ಹಸಿರು ಪಾಚಿ ಎಂದು ಪಿ. ಕೆ. ಡೇ ಎಂಬ ಭಾರತೀಯ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಪಾಚಿಯೆಂದು ಕರೆದರೂ ಇವು ನಿಜವಾಗಿ ಬ್ಯಾಕ್ಟೀರಿಯಾಗಳೇ. ಅನುಕೂಲವಿದ್ದರೆ ಒಂದು ಬೆಳೆಯ ಅವಧಿಯಲ್ಲಿ ಹೆಕ್ಟೇರಿಗೆ ಸುಮಾರು 20ರಿಂದ 30 ಕಿಲೋ ಸಾರಜನಕ ಇವುಗಳಿಂದ ದೊರೆಯುತ್ತದೆ. ಗೊಬ್ಬರದಂಗಡಿಯನ್ನೇ ಕಾಣದ ಗದ್ದೆಗಳು ತಲೆತಲಾಂತರದಿಂದ ಹೆಚ್ಚಲ್ಲದಿದ್ದರೂ ಒಂದೇ ಸಮನೆ ಫಸಲು ಕೊಟ್ಟ ಗುಟ್ಟಿನಲ್ಲಿ ಇದೊಂದು ದೊಡ್ಡ ಪಾಲು. ಗಂಟಿಲ್ಲದ ಭತ್ತಕ್ಕೂ ಉಣಿಸುವವರಿದ್ದರು.

ನನ್ನನ್ನು ಹೆಚ್ಚು ನಾಚಿಸುವ ಸಂಗತಿ ಮತ್ತೊಂದಿದೆ. 1925ರಲ್ಲಿ ಹಾಲೆಂಡಿನ ಬೈಯರಿಂಕ್ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ವರ್ಣಿಸಿದ್ದರು. ಬಹುಕಾಲ ಹೆಚ್ಚು ಜನ ಅದರತ್ತ ತಿರುಗಿ ನೋಡಲಿಲ್ಲ. 1970ರ ದಶಕದಲ್ಲಿ ಬ್ರೆಜಿಲಿನ ಯೋಹಾನ್ನಾ ಡೋಬರೈನರ್ ಎಂಬ ವಿಜ್ಞಾನಿ, ಹುಲ್ಲಿನ ಜಾತಿಯ ಸಸ್ಯಗಳ ಬೇರುಗಳಲ್ಲಿ ಅದನ್ನು ಮತ್ತೆ ಕಂಡರು. ಭತ್ತವೂ ಹುಲ್ಲಿನ ಜಾತಿಯದೇ. ಅದು ಬೇರಿನ ಮೇಲೂ ಒಳಗೂ ನೆಲೆಸಿ ಸ್ವಲ್ಪ ಸಾರಜನಕ ಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ ಬೆಳವಣಿಗೆಯ ಚೋದಕಗಳನ್ನು ಸ್ರವಿಸಿ ಬೇರಿನ ಕೂದಲುಗಳನ್ನು ಹೆಚ್ಚಿಸುತ್ತದೆ. ಬೇರು ಹರಡಿದಷ್ಟೂ ಪೈರು ನೀರನ್ನೂ ಸಾರವನ್ನೂ ಹೆಚ್ಚು ಹೀರುತ್ತದೆ. ಅದಕ್ಕೆ ‘ಅಜೋಸ್ಪಿರಿಲಮ್’ ಎಂದು ಹೆಸರಿಟ್ಟದ್ದು 1978ರಲ್ಲಿ. ಭತ್ತಕ್ಕೆ ಆ ಭಾಗ್ಯವಿಲ್ಲವೆಂದು ನಾನು ಕರಿಹಲಗೆಯ ಮುಂದೆ ನಿಂತು ಸಾರಿದ ಇಸವಿ!

ಯೂರಿಯಾವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1965-66ರ ಬರಗಾಲದಲ್ಲಿ ಪಡಿತರದ ಸಾಲಿನಲ್ಲಿ ನಿಂತವರಿಗೆ ಐಆರ್ 8, ಜಯ ತಳಿಗಳ ಮತ್ತು ಗೊಬ್ಬರದ ಮೂಟೆಯ ಬೆಲೆ ಗೊತ್ತು. ತಪ್ಪಾದದ್ದು ಒಂದನ್ನು ಹಿಡಿದು ಇನ್ನೊಂದನ್ನು ಬಿಡಿಸಿದ್ದರಲ್ಲಿ. ನಿಂತ ನೀರಿಗೆ ಎರಚಿದ ಯೂರಿಯಾದ ಸಾರಜನಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟೂ ಪೈರಿಗೆ ದಕ್ಕುವುದಿಲ್ಲ. ಗಾಳಿಗೂ ನೀರಿಗೂ ಹೋಗುತ್ತದೆ. ಜೊತೆಗೆ, ಸಾರಜನಕ ಧಾರಾಳವಾಗಿ ಸಿಕ್ಕಾಗ ಅದನ್ನು ಗಾಳಿಯಿಂದ ಹಿಡಿಯುವ ಬ್ಯಾಕ್ಟೀರಿಯಾಗಳು ತಮ್ಮ ಕೆಲಸವನ್ನೇ ನಿಲ್ಲಿಸುತ್ತವೆ. ಕುಳಿತಲ್ಲಿಗೇ ಊಟ ಬಂದರೆ ಒಲೆ ಹೊತ್ತಿಸುವವರು ಯಾರು?

1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೃಷಿ ಸೂಕ್ಷ್ಮಜೀವಿಶಾಸ್ತ್ರಕ್ಕೆಂದೇ ವಿಭಾಗವಿದೆ. ಜೈವಿಕ ಗೊಬ್ಬರಗಳ ರಾಷ್ಟ್ರೀಯ ಯೋಜನೆ 1983ರಲ್ಲಿ ಬಂತು. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿದೆ. ಅಜೋಸ್ಪಿರಿಲಮ್ ಪುಡಿಯನ್ನು ನೀರಿನಲ್ಲಿ ಕದಡಿ, ನಾಟಿಗೆ ಮೊದಲು ಪೈರಿನ ಬೇರನ್ನು ಇಪ್ಪತ್ತು-ಮೂವತ್ತು ನಿಮಿಷ ಅದ್ದಿಡಬೇಕು. ಪೊಟ್ಟಣವನ್ನು ಬಿಸಿಲಿಗೆ ಇಡಬಾರದು. ಅವಧಿ ಮೀರಿದ್ದನ್ನು ಬಳಸಬಾರದು. ಒಳಗಿರುವುದು ಜೀವ.

ಈ ಪುಡಿ ಹಾಕಿಯೂ ಫಲ ಕಾಣಲಿಲ್ಲ ಎನ್ನುವವರಿದ್ದಾರೆ. ನಮ್ಮ ತಾಯಿ ಹಾಲಿಗೆ ಹೆಪ್ಪು ಹಾಕುತ್ತಿದ್ದುದು ನನಗೆ ಆಗ ನೆನಪಾಗುತ್ತದೆ. ಹೆಪ್ಪು ಎಷ್ಟೇ ಒಳ್ಳೆಯದಿರಲಿ, ಹಾಲು ಹದವಾಗಿ ಬೆಚ್ಚಗಿರದಿದ್ದರೆ ಮೊಸರಾಗದು. ಬರಿಯ ನೀರಿಗೆ ಹೆಪ್ಪು ಹಾಕಿದರಂತೂ ಏನೂ ಆಗದು. ಸೊಪ್ಪು, ಸಗಣಿ, ಗೋಡು ಕಾಣದೆ ಬರಡಾದ ಮಣ್ಣಿಗೆ ಪೊಟ್ಟಣದ ಬ್ಯಾಕ್ಟೀರಿಯಾ ಸುರಿದರೆ ಅವು ಉಣ್ಣುವುದೇನನ್ನು? ಹೊಂಗೆಯ ಸೊಪ್ಪು ಹಾಲು; ಪೊಟ್ಟಣ ಹೆಪ್ಪು ಮಾತ್ರ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಎಷ್ಟು ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಯಿಸಿದೆನೋ! ಕೆಸರನ್ನೂ ಮೊಸರನ್ನೂ ಮಾಡುವವರು ಒಂದೇ ಕುಲದವರೆಂದು ಮಾತ್ರ ಹೇಳಿಕೊಡಲಿಲ್ಲ.

ಈಗ ಗದ್ದೆಗಳೇ ಕಡಿಮೆಯಾಗಿವೆ. ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುವ ವೃಷಭಾವತಿಯಿಂದಾಗಿ ಬೈರಮಂಗಲ ಕೆರೆಯ ಹಿಂದಿನ ರೈತರಲ್ಲಿ ಎಷ್ಟೋ ಮಂದಿ ಭತ್ತವನ್ನು ಬಿಟ್ಟು ಹುಲ್ಲು, ಹಿಪ್ಪುನೇರಳೆಯತ್ತ ತಿರುಗಿದರು. ನನ್ನ ವಿದ್ಯಾರ್ಥಿಯೂ ಹೆಚ್ಚಿನ ಜಮೀನಿಗೆ ತೆಂಗು ಹಾಕಿದ್ದಾನೆ. ಆದರೆ ಮನೆಯ ಊಟಕ್ಕೆಂದು ಹತ್ತು ಗುಂಟೆ ಗದ್ದೆಯನ್ನು ಉಳಿಸಿಕೊಂಡಿದ್ದಾನಂತೆ. ಬದುವಿನಲ್ಲಿ ಅವನ ತಂದೆಯ ಕಾಲದ ಹೊಂಗೆ ಮರವೊಂದು ಇನ್ನೂ ಇದೆಯಂತೆ.

ಕೈ ತೊಳೆಯುವಾಗ ನಾನು ಅವನಿಗೆ, “ಅಂದು ನಾನು ಹೇಳಿದ್ದು ತಪ್ಪಪ್ಪ. ನಿಮ್ಮಪ್ಪ ಮಾಡುತ್ತಿದ್ದುದೇ ಸರಿ” ಎಂದೆ. ಅವನು ಒಂದು ಕ್ಷಣ ಸುಮ್ಮನಿದ್ದು, “ಅಪ್ಪ ಇದ್ದಿದ್ರೆ ಖುಷಿಪಡ್ತಿದ್ರು ಸಾರ್” ಎಂದ. ಮುಂದಿನ ಮಳೆಗಾಲದಲ್ಲಿ ಆ ಮರದ ಸೊಪ್ಪು ತುಳಿಯುವ ದಿನ ತಿಳಿಸಬೇಕೆಂದು ಅವನಿಗೆ ಹೇಳಿದ್ದೇನೆ. ಕೆಸರಿಗೆ ಇಳಿಯುವ ಶಕ್ತಿ ಈ ಕಾಲಿಗೆ ಇಲ್ಲ. ಬದುವಿನ ಮೇಲೆ ಕುಳಿತು ಗುಳ್ಳೆ ಏಳುವುದನ್ನು ನೋಡುತ್ತೇನೆ.