ನೀರಿನ ವಿದ್ಯುದ್ವಿಭಜನೆಯಲ್ಲಿ ಭಿನ್ನ ಲೋಹಗಳು: ಇತಿಹಾಸ

ನೀರಿಗೆ ಇಳಿಬಿಟ್ಟ ಎರಡು ಸರಳುಗಳಲ್ಲಿ ವಿದ್ಯುತ್ ಹರಿದಾಗ ಅನಿಲ ಬರುವುದೋ, ಕೆಸರು ಬರುವುದೋ ಎಂಬುದು ಬಹುಮಟ್ಟಿಗೆ ಸರಳಿನ ಲೋಹಕ್ಕೆ ಬಿಟ್ಟದ್ದು. ಇದು ಬ್ಯಾಟರಿ ಬಳಸಿದ ಮೊದಲ ಪ್ರಯೋಗದಲ್ಲೇ ಕಂಡ ಸಂಗತಿ. 1800ರ ಮಾರ್ಚ್‌ನಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಪೇರಿಸಿ ಮಾಡಿದ ಬ್ಯಾಟರಿಯ ವಿವರವನ್ನು ಲಂಡನ್ನಿಗೆ ಬರೆದು ಕಳಿಸಿದ. ಮೇ ತಿಂಗಳಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಥೊನಿ ಕಾರ್ಲೈಲ್ ಅಂಥ ಬ್ಯಾಟರಿಯ ತಂತಿಗಳನ್ನು ನೀರಿಗೆ ಇಳಿಸಿದರು. ಹಿತ್ತಾಳೆ ತಂತಿಗಳಿದ್ದಾಗ ಒಂದರಲ್ಲಿ ಜಲಜನಕದ ಗುಳ್ಳೆ ಎದ್ದಿತು, ಇನ್ನೊಂದು ಕಿಲುಬುಗಟ್ಟಿ ಸವೆಯಿತು. ಪ್ಲಾಟಿನಂ ತಂತಿ ಹಾಕಿದಾಗ ಆಮ್ಲಜನಕವೂ ಹೊರಬಂತು.

ಸವೆಯುವುದು ಬ್ಯಾಟರಿಯ ಧನ ತುದಿಗೆ ಸೇರಿದ ಸರಳು, ಅಂದರೆ ಆನೋಡ್. ನೀರನ್ನು ಒಡೆಯಲು ಕನಿಷ್ಠ 1.23 ವೋಲ್ಟ್ ಬೇಕು; ಕಬ್ಬಿಣ, ಸತು, ತಾಮ್ರ ಕರಗಲು ಅಷ್ಟು ಬೇಡ. ಹಾಗಾಗಿ ಆಮ್ಲಜನಕ ಹುಟ್ಟುವ ಮೊದಲೇ ಲೋಹ ಕರಗತೊಡಗುತ್ತದೆ. ಎರಡು ಸರಳುಗಳೂ ಬೇರೆ ಬೇರೆ ಲೋಹದವಾದರೆ ಅವೇ ಒಂದು ಪುಟ್ಟ ಬ್ಯಾಟರಿಯಾಗಿ, ಹೊರಗಿನ ವಿದ್ಯುತ್ತಿಗೆ ಜೋಡಣೆಯ ದಿಕ್ಕಿನಂತೆ ನೆರವೋ ತಡೆಯೋ ಆಗುತ್ತವೆ. ಹತ್ತನೆಯ ತರಗತಿಯ ಪ್ರಯೋಗದಲ್ಲಿ ಇಂಗಾಲದ ಸರಳು ಬಳಸುವುದು ಈ ತೊಡಕು ತಪ್ಪಿಸಲೆಂದೇ. ಮನೆಯಲ್ಲಿ ಈ ಪ್ರಯೋಗಕ್ಕೆ ಸ್ಟೀಲ್ ಚಮಚ ಮತ್ತು ಉಪ್ಪುನೀರು ಬಳಸಬಾರದು: ಕ್ಲೋರಿನ್ ಏಳುತ್ತದೆ, ಸ್ಟೀಲಿನೊಳಗಿನ ಕ್ರೋಮಿಯಂ ವಿಷರೂಪದಲ್ಲಿ ನೀರಿಗೆ ಇಳಿಯಬಹುದು.

ಲೋಹ ಕರಗುವುದನ್ನೇ ಉಪಯೋಗಕ್ಕೆ ತಂದ ವಿಧಾನವೂ ಇದೆ, ಅದು ಕೊಪ್ಪಳ ಜಿಲ್ಲೆಗೆ ನೇರ ಸಂಬಂಧಿಸಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿಯ ಗದ್ದೆಗಳನ್ನು ದಾಟಿ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಊರುಗಳು ಬೋರಿನ ನೀರನ್ನು ನೆಚ್ಚಿದವು. ಗಟ್ಟಿ ಕಲ್ಲಿನ ಈ ಸೀಮೆಯ ಅನೇಕ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದರೆ ಎಲುಬು ಬಾಗುತ್ತದೆ. ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ನೀರಿ (NEERI) ಮೊದಲು ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ರೂಪಿಸಿತು; ಆಮೇಲೆ ಅಲ್ಯೂಮಿನಿಯಂ ಹಲಗೆಗಳ ವಿದ್ಯುದ್ವಿಭಜನೆಯನ್ನೂ ತಂದಿತು. ಆನೋಡಿನಿಂದ ಕರಗಿದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗಿ ಹೆಪ್ಪುಗಟ್ಟಿ, ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಯುತ್ತದೆ.

ಇದೇ ರಸಾಯನವನ್ನು ಮೋಸಕ್ಕೂ ಬಳಸುತ್ತಾರೆ. ಶುದ್ಧೀಕರಣ ಯಂತ್ರ ಮಾರುವ ಕೆಲವರು ಕಬ್ಬಿಣ ಮತ್ತು ಅಲ್ಯೂಮಿನಿಯಂ ಸರಳುಗಳ ಸಾಧನವನ್ನು ಮನೆಯ ನೀರಿನಲ್ಲಿ ಅದ್ದಿ, ಏಳುವ ಹಸಿರು-ಕಂದು ರಾಡಿಯನ್ನು ಕೊಳೆಯೆಂದು ತೋರಿಸುತ್ತಾರೆ. ಅದರಲ್ಲಿ ಬಹುಪಾಲು ಕರಗಿದ ಕಬ್ಬಿಣ. ಹೋಲಿಕೆಗೆ ತೋರಿಸುವ, ಅವರ ಯಂತ್ರದಿಂದ ಬಂದ ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಫ್ಲೋರೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಈ ಸಾಧನದಿಂದ ಅದು ಪತ್ತೆಯಾಗದು. ಅದಕ್ಕೆ ಫ್ಲೋರೈಡ್ ಪರೀಕ್ಷೆಯನ್ನೇ ಮಾಡಿಸಬೇಕು.