ಶಿರಾ, ನ್ಯೂಟನ್ ಮತ್ತು ಮೈಸೂರಿನ ರಾಕೆಟ್

1687ರಲ್ಲಿ, ಬಿಜಾಪುರದ ಪತನದ ಮರುವರ್ಷ, ಮೊಘಲರು ಶಿರಾವನ್ನು ಗೆದ್ದು ತಮ್ಮ ಹೊಸ ಪ್ರಾಂತ್ಯದ ರಾಜಧಾನಿಯನ್ನಾಗಿ ಮಾಡಿಕೊಂಡರು. ಅದೇ ವರ್ಷ ಲಂಡನ್ನಿನಲ್ಲಿ ಐಸಾಕ್ ನ್ಯೂಟನ್ನರ ‘ಪ್ರಿನ್ಸಿಪಿಯಾ’ ಪ್ರಕಟವಾಯಿತು. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ ಎಂಬ ನಿಯಮ ಆ ಗ್ರಂಥದಲ್ಲಿದೆ. ಶಿರಾಕ್ಕೂ ಆ ಗ್ರಂಥಕ್ಕೂ ಅಂದು ಯಾವ ಸಂಬಂಧವೂ ಇರಲಿಲ್ಲ. ಆದರೆ ಆ ನಿಯಮವನ್ನು ರಣರಂಗದಲ್ಲಿ ತೋರಿಸಿಕೊಟ್ಟವರ ಚರಿತ್ರೆ ಶಿರಾದ ಮೂಲಕವೇ ಹಾದುಹೋಗುತ್ತದೆ.

ಹೈದರ್ ಅಲಿಯವರ ತಂದೆ ಫತೇಹ್ ಮುಹಮ್ಮದ್ ಶಿರಾದ ಸುಬೇದಾರರ ಸೇವೆಯಲ್ಲಿದ್ದವರು. 1761ರಲ್ಲಿ ಹೈದರ್ ಅದೇ ಶಿರಾದ ನವಾಬರಾದರು. ಅವರ ಮತ್ತು ಟಿಪ್ಪು ಸುಲ್ತಾನರ ಸೈನ್ಯದ ಪ್ರಸಿದ್ಧ ಅಸ್ತ್ರವೇ ರಾಕೆಟ್. ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿ, ಅದನ್ನು ಉದ್ದನೆಯ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು.

ಅದು ಹಾರುವುದು ಹೇಗೆ? ಹಿಂದಿನ ಗಾಳಿಯನ್ನು ನೂಕಿ ಮುಂದೆ ಹೋಗುತ್ತದೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಕೊಳವೆ ತನ್ನೊಳಗಿನ ಬಿಸಿ ಅನಿಲವನ್ನು ಹಿಂದಕ್ಕೆ ತಳ್ಳುತ್ತದೆ, ಅನಿಲ ಕೊಳವೆಯನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಹರಿಗೋಲಿನಿಂದ ದಡಕ್ಕೆ ಜಿಗಿದಾಗ ಹರಿಗೋಲು ಹಿಂದೆ ಸರಿಯುವುದೂ ಇದೇ ನಿಯಮದಿಂದ. ಕ್ರಿಯೆ ಒಂದು ವಸ್ತುವಿನ ಮೇಲೆ, ಪ್ರತಿಕ್ರಿಯೆ ಇನ್ನೊಂದರ ಮೇಲೆ. ಆದ್ದರಿಂದಲೇ ಅವೆರಡೂ ಒಂದನ್ನೊಂದು ರದ್ದುಗೊಳಿಸುವುದಿಲ್ಲ. ಕಾಗದದ ಕೊಳವೆ ಹೆಚ್ಚಿನ ಒತ್ತಡಕ್ಕೆ ಒಡೆಯುತ್ತದೆ, ಕಬ್ಬಿಣ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ವೇಗವಾಗಿ ಹೊರನುಗ್ಗುತ್ತದೆ, ರಾಕೆಟ್ ದೂರ ಹಾರುತ್ತದೆ. ಮೈಸೂರಿನ ಕಮ್ಮಾರರ ಹಿರಿಮೆ ಇರುವುದು ಈ ಕಬ್ಬಿಣದಲ್ಲಿಯೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಕೊಳವೆಗಳು ದೊರೆತವು.

1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ಸೋತ ಕದನದಲ್ಲಿ ಈ ರಾಕೆಟ್‌ಗಳು ಹಾರಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಸುಲ್ತಾನರು ಹುತಾತ್ಮರಾದ ಬಳಿಕ ಅವು ಇಂಗ್ಲೆಂಡಿಗೆ ಸಾಗಿದವು. ವಿಲಿಯಂ ಕಾಂಗ್ರೀವ್ ಮದ್ದಿನ ಮಿಶ್ರಣ, ಕೊಳವೆಯ ಅಳತೆ, ಹಾರುವ ದೂರಗಳನ್ನು ಪದೇಪದೇ ಪರೀಕ್ಷಿಸಿ, ದಾಖಲಿಸಿ, ಹೊಸ ರಾಕೆಟ್ ರೂಪಿಸಿದನು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲಿನ ದಾಳಿಯಲ್ಲಿ ಅವೂ ಹಾರಿದವು.

ನಮ್ಮ ಮಕ್ಕಳು ಟಿಪ್ಪುವಿನ ರಾಕೆಟನ್ನು ಹೆಮ್ಮೆಯಿಂದ ಹೇಳುತ್ತಾರೆ. ಅದು ಏಕೆ ಹಾರುತ್ತದೆಂದು ಕೇಳಿದರೆ ಮೌನವಾಗುತ್ತಾರೆ. ಈ ಮೌನಕ್ಕೆ ಹೊಣೆ ಮಕ್ಕಳಲ್ಲ, ಹೆಮ್ಮೆಯನ್ನಷ್ಟೇ ಕಲಿಸಿದ ನಾವು. ಕೈಯ ಕೌಶಲ ಇಲ್ಲಿತ್ತು. ಅದನ್ನು ಅಳೆದು ಬರೆದಿಟ್ಟವರು ಅದನ್ನು ತಮ್ಮದಾಗಿಸಿಕೊಂಡರು. ಹಿರಿಯರ ಹೆಸರನ್ನು ಉಳಿಸಬೇಕೆಂದರೆ ಅವರ ವಿದ್ಯೆಯನ್ನು ಮೊದಲು ಅರಿಯೋಣ.